ಮೆಷಿನ್ನಿನ ತವರುಮನೆ

ಜನ್ನಾಪುರ, ಭದ್ರಾವತಿ
12 ನವೆಂಬರ್ 2007, ಸೋಮವಾರ

ಪ್ರೀತಿಯ ಧನಕ್ಕ,

ಇವತ್ತು ಬೆಳಗ್ಗೆ ಅಪ್ಪ ಫ್ಯಾಕ್ಟರಿ ಬೂಟು ಹಾಕಿಕೊಂಡು ಗ್ರಂಥಾಲಯಕ್ಕೆ ಪೇಪರ್ ಓದಲು ಹೋದರು. ಲೇಸಿಗೆ ಎರಡೆರಡು ಗಂಟು, ಪಾಳಿಗೆ ಹೊರಡುವಾಗ ಹಾಕುತ್ತಿದ್ದ ಹಾಗೆಯೇ. ಅಮ್ಮ ಅಡುಗೆಮನೆಯಿಂದಲೇ, "ಪೇಪರ್ ಓದಕ್ಕೆ ಬೂಟ್ ಯಾಕ್ರೀ? ಅಲ್ಲೇನು ಕಾಲ್ ಮೇಲೆ ಕಬ್ಬಿಣ ಬೀಳುತ್ತಾ?" ಅಂದಳು. ಅಪ್ಪ ನಕ್ಕು ಹೊರಟುಬಿಟ್ಟರು. ಜೂನ್‌ನಲ್ಲಿ ಸ್ವಯಂನಿವೃತ್ತಿ ತೆಗೆದುಕೊಂಡಾಗಿನಿಂದ ಆ ಬೂಟು ಮಂಚದ ಕೆಳಗೇ ಇತ್ತು. ನೀನು ಜರ್ಮನಿಗೆ ಹೋದಮೇಲೆ ಹೊರಗೆ ಬಂದಿದೆ. ಯಾಕೆ ಎಂದು ಕೇಳುವ ಧೈರ್ಯ ನನಗಿಲ್ಲ, ನೋಡುವ ಚಟ ಮಾತ್ರ ಇದೆ.

ನಿನ್ನ ಶುಕ್ರವಾರದ ಮೇಲ್‌ಗೆ ಮೇಲ್‌ನಲ್ಲೇ ಉತ್ತರಿಸಬಹುದಿತ್ತು. ಆದರೆ ಸೈಬರ್‌ನಲ್ಲಿ ಕೂತು ಒಂದು ಸಾಲು ಬರೆಯುವಷ್ಟರಲ್ಲಿ ಯೋಗರಾಜ್ ಬೆನ್ನ ಹಿಂದೆ ನಿಂತಿರುತ್ತಾನೆ. "ಅಕ್ಕೋರು ಏನ್ ಬರೆದಿದಾರೆ? ಮೆಷಿನ್ ಊರು ಸಿಕ್ತಾ?" ಎಂದು ಅವನಿಗೂ ಅವಸರ. ಅವನ ಕಂಪ್ಯೂಟರ್‌ನಲ್ಲಿ ಕನ್ನಡದ ಬದಲು ಬರೀ ಚೌಕಗಳು ಕಾಣುತ್ತಿದ್ದವಲ್ಲ, ನಿನ್ನ ಬ್ಲಾಗ್ ಓದುವುದಕ್ಕೆಂದೇ ಶಿವಮೊಗ್ಗದಿಂದ ಯಾರನ್ನೋ ಕರೆಸಿ ಸರಿಮಾಡಿಸಿದ್ದಾನೆ. ಆದ್ದರಿಂದ ಅಂಚೆಯಲ್ಲೇ ಬರೆಯುತ್ತಿದ್ದೇನೆ. ಹದಿನೈದು ದಿನ ಹಿಡಿದರೂ ನೀನು ಈಗ ಉಳಿದುಕೊಂಡಿರುವ ಆ ಜರ್ಮನ್ ಮೇಡಂ ಮನೆಯಲ್ಲೇ ಇರುತ್ತೀಯಲ್ಲ.

ನಿನ್ನೆ ಹಬ್ಬ ಮುಗಿದ ಭಾನುವಾರ. ಎಂದಿನಂತೆ ಅಪ್ಪನ ರೋಲಿಂಗ್ ಮಿಲ್ಲಿನ ಗೆಳೆಯರೆಲ್ಲ ಯೋಗರಾಜ್ ನಿನ್ನ ಬ್ಲಾಗ್ ಓದುವುದನ್ನು ಕೇಳಲು ಸೈಬರ್ ಮುಂದಿನ ಬೆಂಚಿಗೆ ಬಂದಿದ್ದರು. ನೀನು ಹೊಸದೇನೂ ಹಾಕಿರಲಿಲ್ಲ. ಓಂಕಾರಪ್ಪ ಮಾಮ ಶುರುಮಾಡಿದರು: "ಏನ್ ಮಾರಾಯ ಚೌಡಪ್ಪ, ನಿನ್ ಮಗಳು ಆ ದೇಶದ ಶಾಲೆ, ಸೈಕಲ್ಲು, ಬ್ರೆಡ್ಡು ಎಲ್ಲಾ ಬರೆದಳು. ನಮ್ಮ ಮೆಷಿನ್ ತವರುಮನೆ ಮಾತ್ರ ಮರೆತಳು ನೋಡು!"

ಆರುಮುಗಂ ಮಾಮ ನಿನ್ನ ಪರ: "ಮರೆಯಲ್ಲಪ್ಪ. ಗೇಟ್‌ನಲ್ಲಿ ಫೋಟೋ ತೆಗೆಯೋಕೆ ಬಿಟ್ಟಿರಲ್ಲ. ಸೆಕ್ಯೂರಿಟಿ ಎಲ್ಲಾ ದೇಶದಲ್ಲೂ ಒಂದೇ ಜಾತಿ."

ಎಲ್ಲರೂ ನಕ್ಕರು. ಅಪ್ಪ ನಗಲಿಲ್ಲ. ನಾನು ಎಂದಿನಂತೆ ಬಾಗಿಲ ಹತ್ತಿರ ನಿಂತಿದ್ದೆ. ನಿನ್ನ ಮೇಲ್ ಬರೆದುಕೊಂಡಿದ್ದ ಹಾಳೆ ನನ್ನ ಕೈಚೀಲದಲ್ಲೇ ಇತ್ತು, ಅದು ಅವರಿಗೆ ಗೊತ್ತಿರಲಿಲ್ಲ.

ಅಕ್ಕ, ನೀನು ಬರೆದದ್ದನ್ನು ನಾನು ಮೂರು ದಿನದಿಂದ ಕಣ್ಣಮುಂದೆ ಇಟ್ಟುಕೊಂಡಿದ್ದೇನೆ. ಅಪ್ಪ ಮೂವತ್ತು ವರ್ಷ ದುಡಿದ ಮೆಷಿನ್ನಿನ ಮೈಮೇಲೆ ಎರಕದ ಅಕ್ಷರದಲ್ಲಿದ್ದ ಆ ಊರು ಕೊನೆಗೂ ಸಿಕ್ಕಿತು, ಕಾರ್ಖಾನೆಯೂ ಸಿಕ್ಕಿತು, ಆದರೆ ಮುಚ್ಚಿ ಎಷ್ಟೋ ವರ್ಷವಾಗಿದೆ. ಶೆಡ್ಡಿನ ಅರ್ಧದಲ್ಲಿ ವಾರದ ಸಂತೆ, ಇನ್ನರ್ಧದಲ್ಲಿ ಮಕ್ಕಳು ಚಕ್ರದ ಶೂ ಹಾಕಿಕೊಂಡು ಜಾರುತ್ತಾರೆ. ನೀನು ಕುಂಕುಮದ ಪೊಟ್ಟಣ ಹಿಡಿದು ಸುಮ್ಮನೆ ನಿಂತು, ನಾಚಿಕೆಯಾಗಿ ವಾಪಸು ಬಂದೆ. ಇದನ್ನು ಬರೆಯಲೋ, ಆ ಊರು ಸಿಗಲೇ ಇಲ್ಲ ಎಂದುಬಿಡಲೋ ಎಂದು ನನ್ನನ್ನು ಕೇಳಿದ್ದೀಯ.

ಆ ಪೊಟ್ಟಣ ಕಟ್ಟಿದ ದಿನ ನೆನಪಿದೆಯಾ? ಹೋದ ವರ್ಷದ ಆಯುಧಪೂಜೆಯಲ್ಲಿ ಮೆಷಿನ್ನಿಗೆ ಹಚ್ಚಿದ್ದ ಕುಂಕುಮ. ಅಪ್ಪನ ಕೊನೆಯ ಪೂಜೆ. "ಈ ಮೆಷಿನ್ನು ನಮ್ಮೂರಿಗೆ ಬಂದ ಸೊಸೆ. ತವರಿಗೆ ಅರಿಶಿನ ಕುಂಕುಮ ಕಳಿಸಬೇಕಲ್ಲ" ಎಂದು ಓಂಕಾರಪ್ಪ ಮಾಮ ತಮಾಷೆ ಮಾಡುತ್ತಲೇ ಕಟ್ಟಿದರು. ಆದರೆ ದಾರದ ಗಂಟನ್ನು ಎಷ್ಟು ಸಲ ಎಳೆದು ನೋಡಿದರು ಎಂದು ನಾನು ನೋಡಿದ್ದೇನೆ. ಈ ವರ್ಷದ ಪೂಜೆಗೆ ಅಪ್ಪ ಹೋಗಲಿಲ್ಲ. ಇದನ್ನು ನಿನಗೆ ಫೋನ್‌ನಲ್ಲಿ ಹೇಳಿರಲಿಲ್ಲ.

ನಿನ್ನೆ ಮನೆಗೆ ಬರುವ ದಾರಿಯಲ್ಲಿ ಹೇಗೋ ಬಾಯಿ ಬಿಟ್ಟೆ. "ಆ ಕಾರ್ಖಾನೆ ಮುಚ್ಚಿಹೋಗಿದ್ರೆ ಅಪ್ಪ?" ಅಂದೆ. ಅಪ್ಪ ನಡೆಯುತ್ತಲೇ, "ಮುಚ್ಚಿರುತ್ತೆ ಕಣಮ್ಮ. ಅಲ್ಲಿಂದ ಸ್ಪೇರ್ ಬರೋದು ನಿಂತು ಎಷ್ಟು ಕಾಲ ಆಯ್ತು" ಅಂದರು. ಸ್ವಲ್ಪ ದೂರ ಹೋದಮೇಲೆ, "ಓಂಕಾರಂಗೆ ಹೇಳಬೇಡ. ಪಾಪ, ಆಸೆ ಇಟ್ಕೊಂಡಿದಾನೆ" ಅಂದರು.

ಅದೇ ಮಿಲ್ಲಿನಲ್ಲಿದ್ದ ಓಂಕಾರಪ್ಪ ಮಾಮನಿಗೆ ಇದು ಗೊತ್ತಿಲ್ಲವೇ? ಆ ಬೆಂಚಿನ ಮೇಲೆ ಒಬ್ಬೊಬ್ಬರೂ ಪಕ್ಕದವರಿಗೆ ಗೊತ್ತಾಗದಿರಲಿ ಎಂದೇ ನಗುತ್ತಿದ್ದಾರೇನೋ ಎಂದು ನನಗೆ ರಾತ್ರಿಯೆಲ್ಲ ಅನಿಸಿತು. ಹಾಗಿದ್ದರೆ ನಾವೂ ಬಚ್ಚಿಟ್ಟು ಯಾರನ್ನು ಕಾಪಾಡಿದ ಹಾಗಾಯಿತು?

ಬರೆ, ಅಕ್ಕ. ಸಂತೆಯನ್ನೂ ಬರೆ, ಜಾರುವ ಮಕ್ಕಳನ್ನೂ ಬರೆ. ಅದಕ್ಕೆ ಮೊದಲು ಇನ್ನೊಮ್ಮೆ ಅಲ್ಲಿಗೆ ಹೋಗು. ಕುಂಕುಮ ಎಲ್ಲಿಡುವುದು ಎಂದು ಕೇಳಿದ್ದೀಯಲ್ಲ. ಅಮ್ಮ ಶಿವಮೊಗ್ಗಕ್ಕೆ ಹೋದಾಗ ಮಾಡುವುದನ್ನು ನೆನಪು ಮಾಡಿಕೊ. ಅವಳ ತವರುಮನೆ ಇದ್ದ ಜಾಗದಲ್ಲಿ ಈಗ ಸ್ಟೀಲ್ ಪಾತ್ರೆ ಅಂಗಡಿ. ಆದರೂ ಅದರ ಮೆಟ್ಟಿಲು ಮುಟ್ಟಿ ಕಣ್ಣಿಗೊತ್ತಿಕೊಳ್ಳದೆ ಅವಳು ಮುಂದೆ ಹೋಗುವುದಿಲ್ಲ. ಅಂಗಡಿಯವನು ನೋಡಿದರೆ, "ಕುಕ್ಕರ್ ರಬ್ಬರ್ ಇದೆಯೇನಪ್ಪಾ?" ಎಂದು ಏನೋ ಒಂದು ಕೇಳುತ್ತಾಳೆ. ನೀನೂ ಹಾಗೇ ಮಾಡು. ಹೊಸ್ತಿಲಿಗೆ ಒಂದು ಚಿಟಿಕೆ ಇಟ್ಟು, ಯಾರಾದರೂ ನೋಡಿದರೆ ಆಲೂಗೆಡ್ಡೆ ಹೇಗೆ ಎಂದು ಕೇಳು.

ಇನ್ನೊಂದು. ನಿನ್ನ ಪ್ರತಿ ಬರಹದ ಕೆಳಗೂ ಹೆಸರು ಹಾಕದೆ ಪ್ರಶ್ನೆ ಕೇಳುವವರು ಯಾರು ಎಂದು ನೀನು ಕೇಳಿದ್ದೆ. ಅಲ್ಲಿ ವಯಸ್ಸಾದವರು ಬೆಳಗಿನ ಹೊತ್ತು ಎಲ್ಲಿ ಕೂರುತ್ತಾರೆ, ಪಾರ್ಕಿನ ಬೆಂಚು ಮರದ್ದೋ ಕಬ್ಬಿಣದ್ದೋ, ಇಂಥವೇ. ತಲೆಹರಟೆ ಎಂದು ನೀನು ಉತ್ತರಿಸುವುದನ್ನೇ ಬಿಟ್ಟೆ. ನನಗೂ ಗೊತ್ತಿಲ್ಲ. ಶಂಕರಘಟ್ಟದ ಯೂನಿವರ್ಸಿಟಿಯ ನಮ್ಮ ಮೇಷ್ಟ್ರು ಯಾರಾದರೂ ಇರಬಹುದು.

ಅಮ್ಮ ಕೇಳಿದಳೆಂದು ಬರೆಯುತ್ತಿದ್ದೇನೆ: ತಲೆಗೆ ಎಣ್ಣೆ ಹಚ್ಚುತ್ತಿದ್ದೀಯಾ?

ನಿನ್ನ ದಾರಿ ಕಾಯುತ್ತಿರುವ ತಂಗಿ,
ಸಮತಾ

ಮರೆತದ್ದಲ್ಲ, ಆಮೇಲೆ ನೋಡಿದ್ದು: ಇದನ್ನು ಅಂಟಿಸಿ ಅಂಚೆ ಕಚೇರಿಗೆ ಹೊರಟಿದ್ದೆ, ಈಗ ಮತ್ತೆ ಬಿಚ್ಚಿ ಬರೆಯುತ್ತಿದ್ದೇನೆ. ಸೈಬರ್ ಮುಂದೆ ಚಪ್ಪಲಿಗಳ ನಡುವೆ ಅಪ್ಪನ ಬೂಟು ಇತ್ತು. ಸೋಮವಾರ ಗ್ರಂಥಾಲಯಕ್ಕೆ ರಜೆ ಎಂದು ಆಗ ಹೊಳೆಯಿತು. ಗಾಜಿನ ಬಾಗಿಲಿನಿಂದ ನೋಡಿದೆ. ಅಪ್ಪ ಒಂದೇ ಬೆರಳಿನಲ್ಲಿ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದರು, ಯೋಗರಾಜ್ ಪಕ್ಕದಲ್ಲಿ ಕೂತು ತೋರಿಸಿಕೊಡುತ್ತಿದ್ದ. ನಾನು ಒಳಗೆ ಹೋಗಲಿಲ್ಲ. ಸಂಜೆ ಹೋಗಿ ನಿನ್ನ ಬ್ಲಾಗ್ ತೆರೆದರೆ ಕೊನೆಯ ಬರಹದ ಕೆಳಗೆ ಹೆಸರಿಲ್ಲದ ಹೊಸ ಪ್ರಶ್ನೆ: "ಆ ಕಾರ್ಖಾನೆ ಮುಚ್ಚಿದ್ದರೆ, ಅಲ್ಲಿ ದುಡಿದವರು ಈಗ ಬೆಳಗ್ಗೆ ಎದ್ದು ಎಲ್ಲಿಗೆ ಹೋಗುತ್ತಾರೆ?"

ಯಾರನ್ನಾದರೂ ಕಂಡು ಕೇಳು ಅಕ್ಕ. ಉತ್ತರ ಸರಿಯಾಗಿ ಬರೆ, ಕೇಳಿದವರು ಯಾರೆಂದು ಗೊತ್ತಿಲ್ಲದ ಹಾಗೆಯೇ ಬರೆ. "ಎಂ.ಎ. ಮಾಡಿದೀಯ, ಒಂದ್ಸಲ ನೀನೇ ಓದಮ್ಮ" ಎಂದು ಆರುಮುಗಂ ಮಾಮ ಕರೆದಾಗಲೆಲ್ಲ ನಾನು ಯೋಗರಾಜ್‌ನ ಕಡೆ ಕೈ ತೋರಿಸುತ್ತಿದ್ದೆ. ಆ ಬರಹವನ್ನು ಬೆಂಚಿನ ಮುಂದೆ ನಿಂತು ನಾನೇ ಓದುತ್ತೇನೆ.