ಎರಡು ಬೀಗದ ಕೋಣೆಯೊಳಗೆ ನಮ್ಮತ್ತೆಯ ಮಾತು

ಮಾನ್ಯ ಕುಲಸಚಿವರೇ,

ನಿಮ್ಮ ವಿಶ್ವವಿದ್ಯಾಲಯದ ಎರಡನೇ ಮಹಡಿಯಲ್ಲಿ ಒಂದೇ ಬಾಗಿಲಿಗೆ ಎರಡು ಬೀಗ ಹಾಕಿದ ಕೋಣೆಯೊಂದಿದೆ. ಅದರೊಳಗೆ ನಮ್ಮತ್ತೆ ಆಡಿದ ಮಾತೆಲ್ಲ ಇದೆ. ನಮ್ಮತ್ತೆ ಮನೆಯಲ್ಲಿ ಮಾತಿಲ್ಲದೆ ಮಲಗಿದ್ದಾಳೆ. ಬಾಗಿಲು ತೆಗೆಸಿ ಎಂದು ನಿಮ್ಮ ಕಚೇರಿಗೆ ಅಲೆದು ಚಪ್ಪಲಿ ಸವೆಸಿದೆ. ಈಗ ಎಲ್ಲರಿಗೂ ಕಾಣುವಂತೆ ಬರೆಯುತ್ತಿದ್ದೇನೆ. ಬರೆದರೆ ಬಾಗಿಲು ತೆರೆದೀತು ಎಂಬ ಭ್ರಮೆ ನನಗಿಲ್ಲ. ಆದರೆ ಸುಮ್ಮನೆ ಕೂತಿರಲೂ ಆಗುವುದಿಲ್ಲ, ಅದಕ್ಕೇ ಈ ಪತ್ರ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ‘ಭಾಷಾವಿಜ್ಞಾನ ಮತ್ತು ಜಾಲ ತಂತ್ರಜ್ಞಾನ’ ಎಂಬ ಸ್ನಾತಕೋತ್ತರ ಪದವಿಯೊಂದನ್ನು ತಾವು ಆರಂಭಿಸಿದ್ದಿರಿ. ಉದ್ಘಾಟನೆಯ ದಿನ ವೇದಿಕೆಯ ಮೇಲೆ ನಿಂತು, ಇದು ಎರಡು ಜ್ಞಾನಶಾಖೆಗಳ ನಡುವಿನ ಸೇತುವೆ ಎಂದಿರಿ. ಮುಂದಿನ ಸಾಲಿನಲ್ಲಿ ಕೂತು ಅಂಗೈ ಕೆಂಪಾಗುವಂತೆ ಚಪ್ಪಾಳೆ ತಟ್ಟಿದವರಲ್ಲಿ ನಾನೂ ಒಬ್ಬಳು. ಬೆಳಿಗ್ಗೆ ಧ್ವನಿ, ಪದ, ವಾಕ್ಯಗಳ ಪಾಠ, ಮಧ್ಯಾಹ್ನ ಜಾಲತಾಣ ಕಟ್ಟುವ ಪಾಠ. ಬೆಳಗಿನ ಮೇಷ್ಟ್ರು ಮಧ್ಯಾಹ್ನದವರನ್ನು ‘ಮೆಕ್ಯಾನಿಕ್’ ಎನ್ನುತ್ತಿದ್ದರು, ಮಧ್ಯಾಹ್ನದವರು ಬೆಳಗಿನವರನ್ನು ‘ಪುರಾಣಿಕ’ ಎನ್ನುತ್ತಿದ್ದರು. ಇಬ್ಬರೂ ಒಳ್ಳೆಯವರೇ, ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲ ಅಷ್ಟೆ. ಕೆಲವು ವರ್ಷ ನಡೆದು ಕೋರ್ಸು ಮುಚ್ಚಿತು. ಭಾಷೆಯ ಉಪನ್ಯಾಸಕರ ಹುದ್ದೆಗೆ ಹೋದರೆ “ನೀವು ಕಂಪ್ಯೂಟರ್‌ನವರಲ್ವಾ?” ಎಂದರು. ಕಂಪ್ಯೂಟರ್ ಕೆಲಸಕ್ಕೆ ಹೋದರೆ “ನೀವು ಭಾಷೆಯವರಲ್ವಾ?” ಎಂದರು. ಅರ್ಧ ಮತ್ತು ಅರ್ಧ ಸೇರಿದರೆ ಒಂದು ಎಂದು ಶಾಲೆಯಲ್ಲಿ ಕಲಿಸಿದ್ದರು. ಸೊನ್ನೆಯೂ ಆಗಬಹುದೆಂದು ಕಲಿಸಿದ್ದು ನಿಮ್ಮ ವಿಶ್ವವಿದ್ಯಾಲಯ. ಈಗ ಪಾತ್ರೆಪಡಗ ಮಾರುವ ಒಂದು ಜಾಲತಾಣಕ್ಕೆ, ಕುಕ್ಕರಿನ ಹಿಡಿ ಎಷ್ಟು ಗಟ್ಟಿ, ಬಾಣಲೆಯ ತಳ ಎಷ್ಟು ದಪ್ಪ ಎಂದು ಬರೆದು ಹೊಟ್ಟೆ ಹೊರೆಯುತ್ತಿದ್ದೇನೆ. ಅದರ ಬಗ್ಗೆ ನನ್ನ ತಕರಾರಿಲ್ಲ. ಕೆಲಸ ಕೊಡಿ ಎಂದು ಕೇಳಲು ಬಂದವಳಲ್ಲ ನಾನು.

ಅತ್ತೆ ಎಂದರೆ ಗಂಡನ ತಾಯಿಯಲ್ಲ, ನನ್ನ ಅಪ್ಪನ ಅಕ್ಕ. ತಾಯಿ ಸತ್ತ ಮೇಲೆ ನನ್ನನ್ನು ಸಾಕಿದವಳು. ನಮ್ಮ ಮನೆತನದವರು ಜರಡಿ ಹೆಣೆಯುವವರು. ಊರೂರು ಅಲೆಯುತ್ತಿದ್ದ ಕಾಲದಿಂದ ನಮ್ಮವರಲ್ಲೊಂದು ಮಾತಿತ್ತು. ಅದಕ್ಕೆ ಲಿಪಿಯಿಲ್ಲ, ಹೆಸರೂ ಇಲ್ಲ. ಮನೆಯಲ್ಲಿ ‘ನಮ್ಮ ಮಾತು’ ಎನ್ನುತ್ತಿದ್ದೆವು. ಗಿರಾಕಿಯ ಎದುರಿಗೇ ನಿಂತು ಗಿರಾಕಿಯನ್ನು ಬೈಯಲು ಅದರಷ್ಟು ಅನುಕೂಲದ ಭಾಷೆ ಇನ್ನೊಂದಿಲ್ಲ ಎಂದು ಅತ್ತೆ ನಗುತ್ತಿದ್ದಳು. ಅಪ್ಪ ಹೋದ, ಚಿಕ್ಕಪ್ಪ ಹೋದ, ಅತ್ತೆಯ ಓರಗೆಯವರೆಲ್ಲ ಒಬ್ಬೊಬ್ಬರಾಗಿ ಹೋದರು. ನಮ್ಮನ್ನು ಶಾಲೆಗೆ ಸೇರಿಸಿದ ಮೇಲೆ ನಮ್ಮೊಡನೆ ಯಾರೂ ಆ ಮಾತಾಡಲಿಲ್ಲ. ಹಾಗಾಗಿ ನನಗೆ ಬರುವುದು ಬೈಗುಳ, ಊಟಕ್ಕೆ ಕರೆಯುವ ಮಾತು, ಮತ್ತೆ ‘ಸುಮ್ಮನಿರು’ ಎನ್ನುವುದು, ಇಷ್ಟೇ. ಕೋರ್ಸಿನ ಕೊನೆಯ ವರ್ಷ ಯಾವುದಾದರೊಂದು ಆಡುಮಾತನ್ನು ದಾಖಲಿಸಿ ಜಾಲತಾಣಕ್ಕೆ ಏರಿಸಬೇಕು ಎಂದಾಗ ನಾನು ಅತ್ತೆಯನ್ನು, ಆಗ ನಮ್ಮ ಕೋರ್ಸಿನ ಧ್ವನಿಮುದ್ರಣದ ಕೋಣೆಯಾಗಿದ್ದ ಆ ಕೋಣೆಗೆ ಕರೆತಂದೆ.

ಮೈಕಿನ ಮುಂದೆ ಕೂತವಳು ಮೊದಲ ದಿನ ನನ್ನ ಮಾನ ಹರಾಜು ಹಾಕಿದಳು. “ಅತ್ತೆ, ನೀರಿಗೆ ನಮ್ಮ ಮಾತಲ್ಲಿ ಏನಂತಾರೆ?” ಎಂದೆ. “ಬಾಯಾರಿದ್ರೆ ಕುಡಿ ಹೋಗು, ನನ್ನ ಯಾಕೆ ಕೇಳ್ತೀಯ?” ಎಂದಳು. “ಕೈಗೆ ಏನಂತಾರೆ?” ಎಂದರೆ, “ಇಷ್ಟು ದೊಡ್ಡ ಕಾಲೇಜಲ್ಲಿ ನಿನಗೆ ಕೈ ಯಾವುದು ಅಂತ ಹೇಳ್ಕೊಟ್ಟಿಲ್ವಾ?” ಎಂದಳು. ಪಕ್ಕದ ಮೇಜಿನವರೆಲ್ಲ ಬಿದ್ದು ಬಿದ್ದು ನಕ್ಕರು. ಕೊನೆಗೆ ಪದಗಳ ಪಟ್ಟಿಯನ್ನು ಪಕ್ಕಕ್ಕಿಟ್ಟು, ಅವಳನ್ನು ನೋಡಲು ಬಂದು ತಂಗಿಯನ್ನು ಒಪ್ಪಿಕೊಂಡು ಹೋದ ವರನ ವಿಷಯ ತೆಗೆದೆ. ಆಮೇಲೆ ಅತ್ತೆಯನ್ನು ನಿಲ್ಲಿಸುವವರಿರಲಿಲ್ಲ. ನಮ್ಮ ಮಾತಿನಲ್ಲೇ ಆ ವರನನ್ನು ಬೈದಳು, ತಂಗಿಯನ್ನು ಬೈದಳು, ಸತ್ತ ತಮ್ಮನನ್ನು ಅಂದರೆ ನನ್ನ ಅಪ್ಪನನ್ನು ನೆನೆದು ಅತ್ತಳು, ಜರಡಿಯ ತಂತಿ ಎಳೆಯುವಾಗ ಹೇಳುವ ಹಾಡು ಹಾಡಿದಳು. ಆಮೇಲಾಮೇಲೆ ನಾನು ಕರೆಯುವ ಮೊದಲೇ ಸೀರೆ ಉಟ್ಟು ಸಿದ್ಧಳಾಗಿ ಕೂತಿರುತ್ತಿದ್ದಳು. ಆ ಮಾತಾಡಲು ಅವಳಿಗೆ ಉಳಿದ ಜಾಗ ನಿಮ್ಮ ಆ ಕೋಣೆಯೊಂದೇ ಆಗಿತ್ತು ಎಂದು ನನಗೆ ಆಗ ಹೊಳೆದಿರಲಿಲ್ಲ.

ಜಾಲಪುಟ ಕಟ್ಟುವಾಗ ಒಂದು ಪದ್ಧತಿಯಿದೆ. ಪುಟದಲ್ಲಿರುವುದು ಯಾವ ಭಾಷೆ ಎಂದು ಯಂತ್ರಕ್ಕೆ ತಿಳಿಯಲೆಂದು ಒಂದು ಗುರುತು ಹಾಕಬೇಕು. ದೊಡ್ಡ ಭಾಷೆಗಳಿಗೆಲ್ಲ ಸಿದ್ಧ ಗುರುತುಗಳಿವೆ. ನಮ್ಮ ಮಾತಿಗೆ ಯಾರು ಕೊಟ್ಟಿದ್ದಾರೆ? ನಮ್ಮ ತರಗತಿಯಲ್ಲಿ ಒಬ್ಬನಿದ್ದ, ಎಲ್ಲದಕ್ಕೂ ಅಡ್ಡದಾರಿ ಹುಡುಕುತ್ತಿದ್ದರಿಂದ ನಾವು ಅವನನ್ನು ‘ಶಾರ್ಟ್‌ಕಟ್’ ಎಂದೇ ಕರೆಯುತ್ತಿದ್ದೆವು. ಅವನೂ ಹೀಗೇ ಗುರುತಿಲ್ಲದ ಒಂದು ಮಾತನ್ನು ದಾಖಲಿಸಿದ್ದ. “ಯಾವುದಾದ್ರೂ ದೊಡ್ಡ ಭಾಷೆ ಗುರುತು ಹಾಕಿ ಮುಗಿಸು. ಯಂತ್ರ ಏನು ಮನೆಗೆ ಬಂದು ನಿಮ್ಮತ್ತೇನ ವಿಚಾರಿಸುತ್ತಾ?” ಎಂದ. ನಾನು ಬೆಳಗಿನ ಮೇಷ್ಟ್ರನ್ನು ಕೇಳಿದೆ. “ಸುಳ್ಳು ಗುರುತು ಹಾಕಬೇಡಮ್ಮ. ಗೊತ್ತಿಲ್ಲದ್ದನ್ನ ಗೊತ್ತಿಲ್ಲ ಅಂತ ಬರೆಯೋದೇ ವಿಜ್ಞಾನ” ಎಂದರು. ನನಗೆ ರೋಮಾಂಚನವಾಯಿತು. ಅತ್ತೆಯ ಒಂದೊಂದು ಪುಟಕ್ಕೂ ‘ಗುರುತಿಸಲಾಗದ ಭಾಷೆ’ ಎಂದು ಪ್ರಾಮಾಣಿಕವಾಗಿ ಬರೆದೆ.

ಕೋರ್ಸು ಮುಚ್ಚಿದ ಮೇಲೆ ನಿಮ್ಮ ಜಾಲತಾಣಕ್ಕೆ ಹೊಸ ಬಣ್ಣ ಬಂತು. ಹಳೆಯದರಲ್ಲಿ ಬೇಕಾದ್ದನ್ನು ಇಟ್ಟು ಬೇಡದ್ದನ್ನು ತೆಗೆಯುವ ಕೆಲಸವನ್ನು ಯಂತ್ರಕ್ಕೇ ವಹಿಸಿದರು. ಯಾವ ಭಾಷೆಯೆಂದು ತಿಳಿಯದ ಪುಟಗಳೆಲ್ಲ ಕಸ ಎಂದು ಅದಕ್ಕೆ ಹೇಳಿಕೊಡಲಾಗಿತ್ತಂತೆ. ಅತ್ತೆ ಕಸವಾದಳು. ಶಾರ್ಟ್‌ಕಟ್‌ನ ಪುಟಗಳು, ಅವನು ಹಾಕಿದ ಸುಳ್ಳು ಗುರುತಿನ ಸಮೇತ, ಇಂದಿಗೂ ನಿಮ್ಮ ಜಾಲತಾಣದಲ್ಲಿ ರಾರಾಜಿಸುತ್ತಿವೆ. ಸತ್ಯ ಬರೆದದ್ದಕ್ಕೆ ಇಂಥ ಬಹುಮಾನ ಕೊಡುವ ವಿದ್ಯಾಸಂಸ್ಥೆಯಲ್ಲಿ ಓದಿದ ಹೆಮ್ಮೆ ನನ್ನದು, ಸ್ವಾಮಿ! ಮನೆಯಲ್ಲಿ ನಕಲು ಇಟ್ಟುಕೊಳ್ಳಬಾರದಿತ್ತೇ ಎಂದು ನೀವು ಕೇಳಬಹುದು. ಮಾತಾಡಿದವರ ಖಾಸಗಿ ಸಂಗತಿ ಹೊರಹೋಗಬಾರದು, ವಿದ್ಯಾರ್ಥಿಗಳು ನಕಲು ಇಟ್ಟುಕೊಳ್ಳಕೂಡದು ಎಂಬ ನಿಯಮಕ್ಕೆ ನಮ್ಮ ಸಹಿ ಹಾಕಿಸಿಕೊಂಡವರು ನೀವೇ. ನಿಯಮ ಓದಿ ಅದರಂತೆ ನಡೆದುಕೊಂಡ ಪೆದ್ದಿ ಇಡೀ ತರಗತಿಯಲ್ಲಿ ನಾನೊಬ್ಬಳೇ ಎಂದು ಆಮೇಲೆ ತಿಳಿಯಿತು.

ಹೋದ ಬೇಸಿಗೆಯಲ್ಲಿ ಅತ್ತೆಗೆ ಲಕ್ವ ಹೊಡೆಯಿತು. ಬಲಗೈ ಬಿತ್ತು, ಮಾತೂ ಬಿತ್ತು. ಆಸ್ಪತ್ರೆಯ ಸ್ಪೀಚ್ ಥೆರಪಿಸ್ಟ್ ಚಿತ್ರಗಳನ್ನು ತೋರಿಸಿ ತೋರಿಸಿ ಸೋತಳು. ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಒಂದು ದಿನ ನನಗೆ ತಲೆ ಕೆಟ್ಟು, ನಮ್ಮ ಮಾತಿನಲ್ಲಿ ಅವಳನ್ನು ಒಂದು ಸಲ ಬೈದೆ. ಅತ್ತೆಯ ಕಣ್ಣು ಥಟ್ಟನೆ ನನ್ನ ಕಡೆ ಹೊರಳಿತು. ತುಟಿ ಅಲುಗಿತು. ಥೆರಪಿಸ್ಟ್ ಚಿತ್ರಗಳನ್ನು ಕೆಳಗಿಟ್ಟಳು.

“ಅದೇನು ಹೇಳಿದ್ರಿ? ಯಾವ ಭಾಷೆ ಅದು?”

“ನಮ್ಮ ಮನೆ ಮಾತು ಮೇಡಂ. ನನಗೆ ಸರಿಯಾಗಿ ಬರಲ್ಲ.”

“ಬರೋರನ್ನ ಕರ್ಕೊಂಡು ಬನ್ನಿ. ಚಿಕ್ಕಂದಿನಿಂದ ಆಡಿದ ಮಾತಿಂದಾನೇ ಶುರು ಮಾಡೋಣ. ಗ್ಯಾರಂಟಿ ಏನೂ ಕೊಡಲ್ಲ, ಆದ್ರೆ ಬೇಗ ಆಗ್ಬೇಕು. ಮೊದಲಿನ ತಿಂಗಳುಗಳಲ್ಲಿ ಬಂದಷ್ಟು ಆಮೇಲೆ ಬರಲ್ಲ.”

ಬರುವವರು ಯಾರೂ ಇಲ್ಲ, ಆದರೆ ಅವಳದೇ ದನಿ ನಮ್ಮ ವಿಶ್ವವಿದ್ಯಾಲಯದಲ್ಲಿ ಭದ್ರವಾಗಿದೆ ಎಂದು ನಾನು ಹೆಮ್ಮೆಯಿಂದ ಹೇಳಿಕೊಂಡೆ. ಪುಟಗಳು ಕಸವಾದದ್ದು ನನಗಿನ್ನೂ ತಿಳಿದಿರಲಿಲ್ಲ. ಮರುದಿನವೇ ನಿಮ್ಮಲ್ಲಿಗೆ ಓಡಿಬಂದೆ.

ನಿಮ್ಮ ಜಾಲತಾಣ ನೋಡಿಕೊಳ್ಳುವವರು, ಪುಟಗಳು ಹೋದರೂ ಮೂಲ ಧ್ವನಿಗಳು ಆ ಕೋಣೆಯ ಕಂಪ್ಯೂಟರಿನಲ್ಲಿವೆ, ಹೋಗಿ ತೆಗೆದುಕೊಳ್ಳಿ ಎಂದರು. ಹೋಗಿ ನೋಡಿದರೆ ಎರಡು ಬೀಗ. ಕೋರ್ಸು ಮುಚ್ಚಿದಾಗ ಕುರ್ಚಿ, ಮೇಜು, ಏಸಿಗಳ ಮೇಲೆ ಭಾಷಾವಿಜ್ಞಾನ, ಕಂಪ್ಯೂಟರ್ ಎರಡೂ ವಿಭಾಗಗಳಿಗೆ ಕಣ್ಣಿತ್ತಂತೆ. ಅವರು ಸಾಗಿಸಿಯಾರೆಂದು ಇವರು ಒಂದು ಜಡಿದರು, ಇವರು ಸಾಗಿಸಿಯಾರೆಂದು ಅವರು ಇನ್ನೊಂದು ಜಡಿದರು. ಆಮೇಲೆ ಲೆಕ್ಕಪರಿಶೋಧನೆಯವರು ಬಂದು, ಇಲ್ಲೊಂದು ಪ್ರೊಜೆಕ್ಟರ್ ಇರಬೇಕಿತ್ತಲ್ಲ, ಎಲ್ಲಿ ಎಂದು ಕೇಳಿದರು. ಅಂದಿನಿಂದ ಆ ಕೋಣೆ ಯಾರದೂ ಅಲ್ಲ. ಮೊದಲು ಬೀಗ ತೆಗೆದವರು ಪ್ರೊಜೆಕ್ಟರಿಗೆ ಉತ್ತರ ಹೇಳಬೇಕಾಗುತ್ತದೆ. ಹಾಗಾಗಿ ಇಬ್ಬರೂ ಬೀಗ ತೆಗೆಯುವುದಿಲ್ಲ, ಕೀಲಿಯನ್ನು ಇನ್ನೊಬ್ಬರಿಗೆ ಕೊಡುವುದೂ ಇಲ್ಲ.

ಭಾಷಾವಿಜ್ಞಾನ ವಿಭಾಗದ ಗುಮಾಸ್ತರು ಹೇಳಿದರು: “ಒಳಗಿರೋದು ಕಂಪ್ಯೂಟರ್ ಅಲ್ವೇನಮ್ಮ? ಕಂಪ್ಯೂಟರ್ ಅವರದು.” ಕಂಪ್ಯೂಟರ್ ವಿಭಾಗದ ಗುಮಾಸ್ತರು ಹೇಳಿದರು: “ಕಂಪ್ಯೂಟರ್ ಒಳಗಿರೋದು ಭಾಷೆ ಅಲ್ವಾ ಮೇಡಂ? ಭಾಷೆ ಅವರದು.” ಬೆಳಗಿನ ಮೇಷ್ಟ್ರು ನಿವೃತ್ತರಾಗಿದ್ದಾರೆ. ಫೋನಿನಲ್ಲಿ ನನ್ನ ಕಥೆ ಕೇಳಿ, “ನಾನು ಹಾಗೆ ಹೇಳಬಾರದಿತ್ತೇನೋಮ್ಮ” ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರು ಹೇಳಿದ್ದು ಸರಿಯಾಗಿಯೇ ಇತ್ತು. ಜವಾನ ಒಂದು ಸ್ಟೂಲು ತಂದುಕೊಟ್ಟು “ಹತ್ತಿ ನೋಡಿ ಬೇಕಾದ್ರೆ” ಎಂದ. ಹತ್ತಿ ಕಿಟಕಿಯ ಗಾಜಿನಿಂದ ನೋಡಿದೆ. ಕಂಪ್ಯೂಟರಿಗೆ ಬಟ್ಟೆ ಹೊದಿಸಿದ್ದರು. ಅತ್ತೆ ಕೂರುತ್ತಿದ್ದ ಕುರ್ಚಿ ಗೋಡೆಗೆ ಆನಿಸಿ ಇಟ್ಟದ್ದು ಕಂಡಿತು. ಸ್ಟೂಲಿನ ಮೇಲೆ ನಿಂತೇ ಅತ್ತುಬಿಟ್ಟೆ.

ಆಮೇಲೆ ತಮ್ಮ ದರ್ಶನವಾಯಿತು. ತಾವು ತುಂಬಾ ಸೌಜನ್ಯದಿಂದ ಕೂರಿಸಿ, ನೀರು ತರಿಸಿಕೊಟ್ಟು, “ಎರಡೂ ವಿಭಾಗದವರು ಒಪ್ಪಿ ಬಂದರೆ ನನ್ನದೇನೂ ಅಭ್ಯಂತರವಿಲ್ಲ” ಎಂದಿರಿ. ಅಭ್ಯಂತರವಿಲ್ಲದ ಅಧಿಕಾರಿಗಳನ್ನು ನಾನು ಜೀವನದಲ್ಲಿ ಬೇಕಾದಷ್ಟು ನೋಡಿದ್ದೇನೆ. ನಿಮ್ಮ ಹುದ್ದೆ ಇರುವುದು ಯಾತಕ್ಕೆ? ಒಪ್ಪದ ಇಬ್ಬರನ್ನು ಒಪ್ಪಿಸಲಿಕ್ಕೋ, ಅಥವಾ ಅವರು ಒಪ್ಪುವ ತನಕ ನೀರು ಕುಡಿಸಲಿಕ್ಕೋ? ಎರಡು ವಿಭಾಗ ಸೇರಿಸಿ ಒಂದು ಪದವಿ ಕಟ್ಟಲು ಗೊತ್ತಿದ್ದವರಿಗೆ, ಎರಡು ಕೀಲಿ ಸೇರಿಸಿ ಒಂದು ಬಾಗಿಲು ತೆಗೆಸಲು ಏಕೆ ಬರುವುದಿಲ್ಲ? ಅಳಿಯುವ ಭಾಷೆಗಳ ಬಗ್ಗೆ ಹೋದ ತಿಂಗಳಷ್ಟೇ ನಿಮ್ಮಲ್ಲಿ ವಿಚಾರ ಸಂಕಿರಣ ನಡೆಯಿತು. ಆಹ್ವಾನ ಪತ್ರಿಕೆ ನನಗೂ ಬಂದಿತ್ತು. ಸಭಾಂಗಣ ಯಾವುದೆಂದು ನೋಡಿದೆ, ಅದೇ ಎರಡನೇ ಮಹಡಿ. ಆ ಬಾಗಿಲಿನ ಮುಂದೆಯೇ ಹಾದು ಹೋಗಿ, ಮೌಖಿಕ ಪರಂಪರೆಯ ರಕ್ಷಣೆಯ ಕುರಿತು ಗಂಟಲು ಹರಿಯುವಂತೆ ಮಾತಾಡಿದಿರಲ್ಲ, ಯಾರಿಗೂ ಕಾಲು ತೊಡರಲಿಲ್ಲವೇ?

ಈಗ ಥೆರಪಿಸ್ಟ್ ಮೊದಲಿನಷ್ಟು ಉತ್ಸಾಹ ತೋರಿಸುವುದಿಲ್ಲ. ಹೋದ ವಾರ ಹೊರಗೆ ಕರೆದು, “ಇನ್ನು ಹೆಚ್ಚೇನೂ ನಿರೀಕ್ಷೆ ಇಟ್ಕೋಬೇಡಿ” ಎಂದಳು. ನಾನು ದಿನವೂ ಅತ್ತೆಯ ಪಕ್ಕ ಕೂತು ನನಗೆ ಬರುವ ಬೈಗುಳವನ್ನೆಲ್ಲ ಬೈಯುತ್ತೇನೆ, ಊಟಕ್ಕೆ ಕರೆಯುತ್ತೇನೆ, ಮತ್ತೆ ಬೈಯುತ್ತೇನೆ. ಮೊದಮೊದಲು ಅವಳ ಬಾಯಿಯ ಒಂದು ಕಡೆ ನಗು ಬರುತ್ತಿತ್ತು. ಈಗ ಅವಳಿಗೆ ಬೇಸರ ಬಂದಿದೆ. ಯಾರಿಗೆ ಬರುವುದಿಲ್ಲ? ಮುಂದಿನ ಮಾತು ಬರಬಹುದೆಂದು ನನ್ನ ಬಾಯಿಯನ್ನೇ ನೋಡುತ್ತಾಳೆ. ನನ್ನಲ್ಲಿ ಮುಂದಿನ ಮಾತಿಲ್ಲ. ಅಷ್ಟು ಓದಿಯೂ ಅವಳಿಗೊಂದು ಸುಖದುಃಖದ ಮಾತು ಹೇಳಲು ನನಗೆ ಬರುವುದಿಲ್ಲ ಎಂಬುದಕ್ಕಿಂತ ದೊಡ್ಡ ಅವಮಾನ ನನಗೆ ಇನ್ನೊಂದಿಲ್ಲ.

ಆದ್ದರಿಂದ ನನ್ನ ಬೇಡಿಕೆ ಇಷ್ಟೇ. ಕೋರ್ಸು ಮತ್ತೆ ತೆರೆಯಬೇಡಿ. ನನ್ನ ಪದವಿಗೆ ಬೆಲೆ ಕಟ್ಟಬೇಡಿ. ಪುಟಗಳನ್ನು ಜಾಲತಾಣಕ್ಕೆ ಮತ್ತೆ ಏರಿಸುವುದೂ ಬೇಡ. ಆ ಬಾಗಿಲನ್ನು, ಧ್ವನಿಗಳ ನಕಲು ಮಾಡಿಕೊಳ್ಳುವಷ್ಟು ಹೊತ್ತು ತೆರೆಸಿ. ಪ್ರೊಜೆಕ್ಟರ್ ಅಡ್ಡವಾಗಿದೆ ಎಂದಾದರೆ ಅದಕ್ಕೂ ನಾನು ಸಿದ್ಧಳಾಗಿ ಬಂದಿದ್ದೇನೆ. ಅದನ್ನು ಕದ್ದವಳು ನಾನೇ. ಎರಡೂ ವಿಭಾಗಗಳ ಮುಖ್ಯಸ್ಥರು ನಿರಪರಾಧಿಗಳು. ಹೇಗೆ ಕದ್ದೆ, ಎಲ್ಲಿ ಮಾರಿದೆ ಎಂಬುದನ್ನು ನೀವೇ ಬರೆಸಿಕೊಳ್ಳಿ, ಓದದೆ ಸಹಿ ಹಾಕುತ್ತೇನೆ. ಪೊಲೀಸರನ್ನು ಕರೆಸುವುದಾದರೆ ನಕಲು ಮುಗಿದ ಮೇಲೆ ಕರೆಸಿ.

ಅತ್ತೆಗೆ ಮಾತು ಮರಳಿ ಬರುತ್ತದೆಂದು ನಾನೇನೂ ನಂಬಿಲ್ಲ. ಅವಳ ಕಿವಿ ಇನ್ನೂ ಚೆನ್ನಾಗಿದೆ, ಅದಕ್ಕಾಗಿ ಕೇಳುತ್ತಿದ್ದೇನೆ. ಆ ಭಾಷೆಯಲ್ಲಿ ಅವಳೊಡನೆ ಮಾತಾಡಲು ಈ ಭೂಮಿಯ ಮೇಲೆ ಉಳಿದಿರುವವಳು ಅವಳೊಬ್ಬಳೇ.

ಇಂತಿ,
ನಿಮ್ಮ ಯಾವ ವಿಭಾಗಕ್ಕೂ ಸೇರದ ಸ್ನಾತಕೋತ್ತರ ಪದವೀಧರೆ,
ಇಂದಿನಿಂದ ನಿಮ್ಮ ಪ್ರೊಜೆಕ್ಟರ್ ಕಳ್ಳಿ