ಹುಣಸೆ ಕಟ್ಟೆಯಿಂದ ಹಿಂದಂಚೆ

ಧಾರವಾಡ, ಹುಣಸೆ ಓಣಿ
೩೦ ಫೆಬ್ರವರಿ ೨೨೧೪

ಇನ್ನೂರು ವರ್ಷ ಹಿಂದಿನ ನಮ್ಮ ಓಣಿಯವರಿಗೆ, ಗಂಗಾಂಬಿಕಾ ಕಬ್ಬೂರ ಮಾಡುವ ನಮಸ್ಕಾರಗಳು.

ದಿನಾಂಕ ನೋಡಿ ನಗಬೇಡಿ. ನಮ್ಮಲ್ಲಿ ಫೆಬ್ರವರಿಗೂ ಮೂವತ್ತು ದಿನ ಕೊಟ್ಟು ಬಹಳ ಕಾಲವಾಯಿತು. ನನ್ನ ಕೆಲವು ಮಾತುಗಳು ನಿಮಗೆ ವಿಚಿತ್ರವಾಗಿ ಕೇಳಿಸಿದರೆ ಕ್ಷಮೆಯಿರಲಿ. ಈ ಕಾಗದ ಹಿಂದಂಚೆಯಲ್ಲಿ ಬರುತ್ತಿದೆ. ಕಳೆದುಹೋದ ವರ್ಷಗಳಿಗೆ ಕಾಗದ ಒಯ್ಯುವ ಅಂಚೆ ಅದು. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ನನ್ನದನ್ನು ನಾನು ಒಂದು ಅಣಬೆಗಾಗಿ ಖರ್ಚು ಮಾಡುತ್ತಿದ್ದೇನೆ. ಹುಚ್ಚಿ ಎಂದುಕೊಂಡರೂ ಅಡ್ಡಿಯಿಲ್ಲ, ಪೂರ್ತಿ ಓದಿ.

ನಮ್ಮ ಬಿಸಿಲು ನಿಮ್ಮ ಬಿಸಿಲಲ್ಲ. ಬೆಳಿಗ್ಗೆ ಒಂಬತ್ತು ದಾಟಿದರೆ ನೆರಳುಹಾದಿ ಬಿಟ್ಟು ಯಾರೂ ಹೊರಗೆ ಕಾಲಿಡುವುದಿಲ್ಲ. ನೆರಳುಹಾದಿ ಎಂದರೆ ಮರದಿಂದ ಮರಕ್ಕೆ ಕೊಂಬೆ ತಾಕುವಂತೆ ಬೆಳೆಸಿದ ಬೀದಿ. ಸಂತೆ, ಪಾಠ, ಕ್ಷೌರ, ಮದುವೆಯ ಮಾತುಕತೆ ಎಲ್ಲವೂ ಮರದ ಬುಡದಲ್ಲೇ. ಮನೆಯ ವಿಳಾಸದಲ್ಲಿ ನಂಬರಿನ ಬದಲು ಮರದ ಹೆಸರಿರುತ್ತದೆ. ಹಾಗಾಗಿ ಯಾವ ಮರ ಒಳಗೊಳಗೇ ಕೊಳೆಯುತ್ತಿದೆ ಎಂದು ಹೇಳಲು ಓಣಿಗೊಬ್ಬರು ಕೊಳೆನೋಟದವರಿರುತ್ತಾರೆ. ನಮ್ಮ ಓಣಿಗೆ ನಾನು. ಕೈಯಲ್ಲೊಂದು ಕಟ್ಟಿಗೆಯ ಸುತ್ತಿಗೆ, ಮೊಣಕಾಲಿಗೆ ಸದಾ ಮಣ್ಣು. ಮೊದಲು ಮರ ಯಾವುದೆಂದು ಕೇಳುತ್ತೇವೆ, ಆಮೇಲೆ ಅಣಬೆ ಯಾವುದೆಂದು. ಅದು ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಬೇವಿನ ಒಣಕೊಂಬೆಯ ಮೇಲೆ ಬಂದದ್ದು ಸತ್ತ ಕಟ್ಟಿಗೆ ತಿಂದುಕೊಂಡು ತನ್ನ ಪಾಡಿಗಿರುತ್ತದೆ. ಆದರೆ ಗುಲ್‌ಮೊಹರ್ ಬುಡದಲ್ಲಿ, ಎಣ್ಣೆ ಹಚ್ಚಿದಂತೆ ಹೊಳೆಯುವ, ಬಿಳಿ ಅಂಚಿನ ಕೆಂಪು ಅಣಬೆ ಎದ್ದಿತೋ, ಬೇರು ಮುಗಿಯುತ್ತಾ ಬಂದಿದೆ ಎಂದು ತಿಳಿಯಬೇಕು. ಮೇಲೆ ಮರದ ತುಂಬ ಹೂವಿರಬಹುದು. ನಂಬಬಾರದು.

ಇದನ್ನು ನಾನು ಕಲಿತ ಬಗೆ ಹೇಳಲು ಇವತ್ತಿಗೂ ನಾಚಿಕೆ. ಮರದ ಬುಡಕ್ಕೆ ಸುಣ್ಣ, ಕೆಮ್ಮಣ್ಣು ಬಳಿಯುವ ಪದ್ಧತಿ ನಿಮ್ಮಿಂದಲೇ ನಮಗೆ ಬಂದದ್ದು. ನಾವು ಅದಕ್ಕೆ ಬುಡಸಿಂಗಾರ ಎಂದು ಹೆಸರಿಟ್ಟು ಹಬ್ಬವನ್ನೇ ಮಾಡಿಕೊಂಡೆವು. ಚಂದದ ಬುಡಕ್ಕೊಂದು ಹಿತ್ತಾಳೆಯ ಕೊಡ ಬಹುಮಾನ. ಇಪ್ಪತ್ತೆರಡರ ವಯಸ್ಸಿನಲ್ಲಿ, ಕೆಲಸಕ್ಕೆ ಸೇರಿದ ಹೊಸದರಲ್ಲಿ, ನಮ್ಮ ಗುಲ್‌ಮೊಹರ್ ಬುಡದಲ್ಲಿದ್ದ ಮೂರು ಕೆಂಪು ಅಣಬೆಗಳನ್ನು ನಾನೇ ಕುಡುಗೋಲಿನಿಂದ ಕೆತ್ತಿ ತೆಗೆದೆ. ಕಿತ್ತರೆ ರೋಗ ಹೋಯಿತು ಎಂದುಕೊಂಡಿದ್ದೆ. ಮೇಲೆ ಎರಡು ಸಲ ಸುಣ್ಣ ಬಳಿದೆ. ಕೊಡವೂ ಬಂತು. ನಡುವೆ ಒಮ್ಮೆ ಹಿರಿಯ ಕೊಳೆನೋಟದವರು ಬಂದು ನೋಡಿ ಹೋದರು. ಅವರಿಗೆ ಕಂಡದ್ದು ನನ್ನ ಸುಣ್ಣ ಮಾತ್ರ. ನಾಲ್ಕು ತಿಂಗಳ ಮೇಲೆ, ಗಾಳಿಯೇ ಇಲ್ಲದ ಒಂದು ಮಧ್ಯಾಹ್ನ, ಆ ಮರ ಬುಡಸಮೇತ ಮಲಗಿತು. ಅದರ ಕೆಳಗೆ ಉಪ್ಪಿನಕಾಯಿ ಮಾರುತ್ತಿದ್ದ ನನ್ನ ತಂಗಿ ಈರವ್ವನ ಬಲಗಾಲು ಹೋಯಿತು.

ಆಕೆ ನನ್ನನ್ನು ಬಾಯಿಗೆ ಬಂದಂತೆ ಬೈದಿದ್ದರೆ ಹಗುರಾಗುತ್ತಿತ್ತು. ಆಸ್ಪತ್ರೆಯ ಮಂಚದ ಮೇಲಿಂದ, "ಭಾಳ ಚಂದ ಬಳದಿದ್ದಿ ಬಿಡಕ್ಕಾ, ಆ ಕೊಡದಾಗ ನಂದೂ ಪಾಲೈತಿ" ಎಂದು ನಕ್ಕಳು. ಮೂವತ್ತು ವರ್ಷವಾದರೂ ಆ ನಗು ನನ್ನ ಬೆನ್ನು ಬಿಟ್ಟಿಲ್ಲ.

ಈಗ ಓಣಿಯವರ ಕಣ್ಣು ನಮ್ಮ ಹುಣಸೆ ಮರದ ಮೇಲೆ ಬಿದ್ದಿದೆ. ಅದರ ಹೊಟ್ಟೆ ಪೊಳ್ಳು, ಒಳಗೆ ಇಬ್ಬರು ಕೂರಬಹುದು. ಎದೆಮಟ್ಟದಲ್ಲಿ ಗೊರಸಿನಂಥ ಕಂದು ಅಣಬೆ ಬೇರೆ. ನೋಡಲು ಅಸಹ್ಯ, ಕಡಿದುಬಿಡಿ ಎಂದು ಇಡೀ ಓಣಿಯೇ ಎದ್ದು ನಿಂತಿದೆ. ಹನ್ನೊಂದು ದಿನ ನಾನು ಆ ಮರದ ಸುತ್ತ ಮೊಣಕಾಲೂರಿ, ಮಣ್ಣು ಕೆದರಿ, ಒಂದೊಂದು ಬೇರನ್ನೂ ತಟ್ಟಿ ಕಿವಿಗೊಟ್ಟಿದ್ದೇನೆ. ಆ ಅಣಬೆ ತಿಂದಿರುವುದು ನಡುವಿನ ಹಳೆಯ ತಿರುಳನ್ನು. ಸುತ್ತಲಿನ ಗೋಡೆ ಒಂದೂವರೆ ಗೇಣು ದಪ್ಪವಿದೆ, ಬೇರುಗಳು ಗಟ್ಟಿಯಾಗಿವೆ. ಮರ ನಿಲ್ಲುತ್ತದೆ. ಯಾರು ಎಷ್ಟೇ ಕೂಗಾಡಲಿ, ನಾನು ಕಡಿಯಲು ಬಿಡುವುದಿಲ್ಲ.

ನಾಳೆಯಿಂದ ಆ ಹುಣಸೆ ಕಟ್ಟೆಯ ಮೇಲೆ ಅಂಗಡಿ ಇಡುವವಳು ಈರವ್ವ. ಓಣಿಯ ಬೇರೆ ನೆರಳೆಲ್ಲ ಭರ್ತಿಯಾಗಿದೆ. "ನೀ ಹೂಂ ಅಂದ್ರ ಕುಂದರತೀನಿ. ಆದ್ರ ಈ ಸಲ ನೆಟ್ಟಗ ನೋಡಿ ಹೇಳು" ಎಂದಳು. ಮರ ಇರಲಿ ಎಂದು ಬರೆದು ರುಜು ಹಾಕಿದೆ. ಆಕೆಯ ಜಾಡಿಗಳ ಪಕ್ಕದಲ್ಲೇ ನನ್ನ ಸ್ಟೂಲನ್ನೂ ಇಡುತ್ತೇನೆ. ನನ್ನ ಮಾತು ತಪ್ಪಾದರೆ ಅದು ನನ್ನ ತಲೆಯ ಮೇಲೂ ಬೀಳಲಿ.

ನಿಮ್ಮ ಓಣಿಯಲ್ಲೂ ಈಗ ಯಾರೋ ಸುಣ್ಣದ ಬಕೀಟು ಹಿಡಿದು ಹೊರಟಿರುತ್ತಾರೆ. ಅವರ ಕೈ ಹಿಡಿದು ನಿಲ್ಲಿಸಿ. ಬಗ್ಗಿ ನೋಡಿ, ಮರದ ಹೆಸರು ಕೇಳಿ. ಬುಡದಲ್ಲಿ ಆ ಕೆಂಪು ಅಣಬೆ ಕಂಡರೆ ಕೀಳಬೇಡಿ, ಮುಚ್ಚಬೇಡಿ, ತಿಳಿದವರಿಗೆ ಹೇಳಿ ಕಳಿಸಿ. ಅವರು ಬರುವುದು ತಡವಾಗಬಹುದು. ಅಷ್ಟರಲ್ಲಿ ಆ ನೆರಳಿನಲ್ಲಿ ಯಾರೋ ಒಬ್ಬಳು ಬುಟ್ಟಿ ಇಟ್ಟುಕೊಂಡು ಕೂತಿರುತ್ತಾಳೆ. ಮೊದಲು ಅವಳನ್ನು ಎಬ್ಬಿಸಿ.