ಕ್ಲೇ ರೋ ಹಿತ್ತಲ ಗೋಡೆ

ಸೆಪ್ಟೆಂಬರ್ 3, ಮಂಗಳವಾರ

ನನ್ನ ಮಾದರಿ ಬೀದಿಯ ಆರನೇ ಮನೆಯ ಚಿಮಣಿ ಅಚ್ಚು ಬಿಟ್ಟು ಬರುವಾಗ ಮೂಲೆ ಮುರಿಯಿತು. ಪ್ಲಾಸ್ಟರ್ ಚೀಲದ ಬಾಯಿ ಕಟ್ಟದೆ ಇಟ್ಟಿದ್ದೆ, ತೇವ ಹಿಡಿದಿದೆ. ಮೂವತ್ತೊಂದು ವರ್ಷ ಪಿಂಗಾಣಿ ಕಾರ್ಖಾನೆಯಲ್ಲಿ ಅಚ್ಚು ಮಾಡಿದವಳಿಗೆ ಇಷ್ಟೂ ಬುದ್ಧಿ ಬೇಡವೇ... ಮತ್ತೆ ಹುಯ್ದೆ.

ಹಿತ್ತಲ ಗೋಡೆ ಮಾತ್ರ ಚೆನ್ನಾಗಿ ಬಂದಿದೆ. ಅಚ್ಚಿನಲ್ಲಿ ಚಪ್ಪಡಿ ಎರೆದು, ಸೂಜಿಯಲ್ಲಿ ಒಂದೊಂದೇ ಇಟ್ಟಿಗೆ ಗೀರಿದ್ದು. ನಾಲ್ಕು ದಿನ. ಒಂದೊಂದು ಇಟ್ಟಿಗೆ ಅಕ್ಕಿ ಕಾಳಿನಷ್ಟು. ಕೆಂಪು ಬಣ್ಣ, ಮೇಲೆ ಮಸಿ. ಆಗ ನಮ್ಮೂರು ಲಾಂಗ್ಟನ್‌ನಲ್ಲಿ, ಕಾರ್ಖಾನೆಗಳ ಹೊಗೆಗೆ ಮಸಿ ಹಿಡಿಯದ ಇಟ್ಟಿಗೆ ಎಲ್ಲಿತ್ತು?

ಮಧ್ಯಾಹ್ನ ನಮ್ಮ ಮಾದರಿ ರೈಲಿನ ಕ್ಲಬ್ಬಿಗೆ ಒಯ್ದೆ. ಪ್ರದರ್ಶನದ ಹಲಗೆಯ ಮೇಲೆ ರೈಲಿನ ಪಕ್ಕ ನಮ್ಮ ಬೀದಿ ಬರುತ್ತದೆ — 1957ರ ಕ್ಲೇ ರೋ, ನಾನು ಹುಟ್ಟಿ ಬೆಳೆದದ್ದು. ಅಧ್ಯಕ್ಷ ರೋಲಂಡ್ ಭೂತಗನ್ನಡಿ ಹಿಡಿದು ಬಗ್ಗಿದ. ಭೂಗೋಳದ ಮೇಷ್ಟ್ರಾಗಿದ್ದವನು. ಈಗ ನಾವೇ ಅವನ ಮಕ್ಕಳು.

“ಥೆಲ್ಮಾ, ಇಲ್ಲೊಂದು ತಪ್ಪಾಗಿದೆಯಲ್ಲ. ಒಂದು ವರಸೆ ಇಟ್ಟಿಗೆ ಉದ್ದಕ್ಕೆ, ಅದರ ಮೇಲಿನ ವರಸೆ ಅಡ್ಡಕ್ಕೆ, ತಲೆ ಮಾತ್ರ ಕಾಣೋ ಹಾಗೆ. ಉಳಿದಿದ್ದೆಲ್ಲ ಹಾಗೇ ಮಾಡಿದ್ದೀರಿ. ಮಧ್ಯದ ಈ ತುಂಡಲ್ಲಿ ಬರೀ ಉದ್ದಕ್ಕೇ ಇದೆ.”

“ತಪ್ಪಲ್ಲ. ಹಾಗೇ ಇತ್ತು.”

“ಆ ಕಾಲದಲ್ಲಿ ಯಾವ ಗಾರೆಯವನೂ ಹಾಗೆ ಕಟ್ತಿರಲಿಲ್ಲ.”

“ಗಾರೆಯವನು ಕಟ್ಟಿದ್ದಲ್ಲ. ನಮ್ಮಮ್ಮ ಕಟ್ಟಿದ್ದು.”

ನಕ್ಕ. ಎಲ್ಲರ ಎದುರಿಗೆ. “ಫೋಟೊ ಏನಾದ್ರೂ ಇದೆಯಾ?”

ಕಕ್ಕಸಿನ ಗೋಡೆಯ ಫೋಟೊ ಯಾರು ತೆಗೆಸಿಕೊಳ್ಳುತ್ತಾರೆ!

ಸೆಪ್ಟೆಂಬರ್ 4

ಇನ್ನೂ ಮೈ ಉರಿಯುತ್ತಿದೆ. ಅಲ್ಲಿ ಹೇಳಲಾಗದ್ದನ್ನು ಇಲ್ಲಾದರೂ ಬರೆಯುತ್ತೇನೆ.

ನನಗೆ ಆರು ವರ್ಷ. ಹಿಮಕ್ಕೆ ಗೋಡೆ ಬಿರುಕು ಬಿಟ್ಟು ಎಂಟಡಿ ಬಿತ್ತು. ಗೋಡೆಯ ಆಚೆ ಕಾರ್ಖಾನೆಯ ಅಂಗಳ, ಈಚೆ ನಮ್ಮೆಲ್ಲರ ಕಕ್ಕಸು. ಬಾಗಿಲೂ ಇಲ್ಲದ್ದು. ಎರಡು ಚಳಿಗಾಲ ಹೆಂಗಸರು ಒಬ್ಬರಿಗೊಬ್ಬರು ಹೊದಿಕೆ ಹಿಡಿದು ನಿಂತರು. ಆಚೆಯಿಂದ ಸಿಳ್ಳೆ. ಮನೆ ಮಾಲೀಕನ ಕಡೆಯವನು ವಾರ ವಾರ ಬಂದು “ಮಾಡಿಸೋಣ, ಮಾಡಿಸೋಣ” ಅಂತಿದ್ದ. ಗಂಡಸರೂ ಅಷ್ಟೇ — ನೋಡೋಣ.

ಒಂದು ದಿನ ಅಮ್ಮ ತೋಳೇರಿಸಿದಳು, ಬೀದಿಯ ಹೆಂಗಸರು ಇಟ್ಟಿಗೆ ಹೊತ್ತರು. ಎದುರು ಮನೆಯ ಆಗ್ನೆಸ್ ಕೂಸಿನ ತಳ್ಳುಗಾಡಿಯಲ್ಲಿ ಮರಳು ತಂದಳು. ಕೂಸನ್ನು ಎಲ್ಲಿ ಬಿಡೋದು? ಮರಳಿನ ಮೇಲೇ ಕೂರಿಸಿದ್ದಳು. ಮೂರು ದಿನ. ಅಡ್ಡ ಇಡಬೇಕು, ಉದ್ದ ಇಡಬೇಕು ಅಂತ ಯಾರಿಗೆ ಗೊತ್ತಿತ್ತು? ಎಲ್ಲ ಉದ್ದಕ್ಕೇ ಇಟ್ಟರು. ಗಂಡಸರು ನೋಡಿ ನಕ್ಕರು. ಇಡೀ ಬೀದಿ ಕೆಡವುವವರೆಗೂ ಆ ಗೋಡೆ ಅಲುಗಲಿಲ್ಲ.

ಈಗ ಅದು ಇರುವುದು ನಮ್ಮ ಕ್ಲಬ್ಬಿನ ಹಲಗೆಯ ಮೇಲೆ ಮಾತ್ರ. ಬೇರೆಲ್ಲೂ ಇಲ್ಲ.

ಸೆಪ್ಟೆಂಬರ್ 24, ಮಂಗಳವಾರ

ಎರಡು ವಾರ ಕೆಮ್ಮು, ಹೋಗಲಿಲ್ಲ. ಇವತ್ತು ಹೋದರೆ...

ರೋಲಂಡ್ ಗೋಡೆಯನ್ನು “ಸರಿ” ಮಾಡಿದ್ದಾನೆ. ನಾನು ಗೀರಿದ ಗೆರೆಗಳಿಗೆ ಪ್ಲಾಸ್ಟರ್ ಮೆತ್ತಿ, ಮುಚ್ಚಿ, ಅವನ ಲೆಕ್ಕದಲ್ಲಿ ಹೊಸದಾಗಿ ಗೀರಿ, ಅವತ್ತೇ ಬಣ್ಣ ಬಳಿದಿದ್ದಾನೆ.

“ನಿಮಗೆ ಹುಷಾರಿರಲಿಲ್ಲ, ಅದಕ್ಕೆ ನಾನೇ...” ಅಂದ. ಉಪಕಾರ ಮಾಡಿದವನ ಮುಖ.

“ನನ್ನ ಕೆಲಸ ಮುಟ್ಟೋಕೆ ನಿಮಗೆ ಯಾರು ಹೇಳಿದ್ರು?”

“ಪ್ರದರ್ಶನ ಕ್ಲಬ್ಬಿಂದು, ಥೆಲ್ಮಾ. ಬಂದ ಜನ ನಮಗೆ ಇಟ್ಟಿಗೆ ಕಟ್ಟೋದೇ ಗೊತ್ತಿಲ್ಲ ಅಂದ್ಕೊಳ್ಳಲ್ವಾ?”

ಹಳಿ ಜೋಡಿಸುವ ಕೀತ್ ನನ್ನ ಕೋಟು ತಂದುಕೊಟ್ಟ. “ಬಿಡೇ, ಅಂಗೈಯಷ್ಟಗಲ ಇಲ್ಲ ಅದು. ಯಾರ ಕಣ್ಣಿಗೂ ಬೀಳಲ್ಲ.”

“ನೀನೂ ಹಾಗೇ ಅಂತೀಯೇನೋ!” ಅಂದೆ. ಪಾಪ, ಚಹಾ ಚೆಲ್ಲಿಕೊಂಡ. ಅವನ ಮೇಲೆ ಕೂಗಬಾರದಿತ್ತು. ಆದರೆ ಕೂಗಿದ್ದು ಚೆನ್ನಾಗಿತ್ತು.

ಅಕ್ಟೋಬರ್ 1

ಹೋಗಲಿಲ್ಲ.

ಅಕ್ಟೋಬರ್ 8

ಹೋಗಲಿಲ್ಲ. ಓಟ್‌ಕೇಕ್ ರೊಟ್ಟಿ ಸೀದುಹೋಯಿತು. ತವೆಯನ್ನೂ ಬೈದೆ.

ಅಕ್ಟೋಬರ್ 15, ಮಂಗಳವಾರ

ರೋಲಂಡ್ ತಾನೇ ಫೋನ್ ಮಾಡಿದ. ದನಿ ಬೆಣ್ಣೆ.

“ಗೋಡೆ ಮೇಲೆ ಬಣ್ಣ ಎದ್ದು ಬರ್ತಿದೆ, ಥೆಲ್ಮಾ. ಶನಿವಾರ ಪ್ರದರ್ಶನ. ನೀವು ಸ್ವಲ್ಪ ಸರಿ ಮಾಡಿಕೊಡ್ತೀರಾ?”

ಏಳದೆ ಏನು ಮಾಡುತ್ತದೆ? ಹಸಿ ಪ್ಲಾಸ್ಟರ್ ಮೇಲೆ ಬಣ್ಣ ಬಳಿದರೆ ಸಿಪ್ಪೆ ಸುಲಿದು ಬರುತ್ತದೆ. ಕಾರ್ಖಾನೆಗೆ ಸೇರಿದ ಮೊದಲ ವಾರ ಕಲಿಯುವ ವಿದ್ಯೆ ಇದು. ಇಟ್ಟಿಗೆ ಗೊತ್ತು ಮೇಷ್ಟ್ರಿಗೆ, ಪ್ಲಾಸ್ಟರ್ ಗೊತ್ತಿಲ್ಲ. ಫೋನ್ ಹಿಡಿದುಕೊಂಡೇ ನಕ್ಕೆ.

ಸರಿ ಮಾಡುತ್ತೇನೆ ಅಂದೆ. ಸುಳ್ಳೇನಲ್ಲ.

ಅಕ್ಟೋಬರ್ 17, ಗುರುವಾರ

ಗೋಡೆ ಮನೆಗೆ ಬಂತು, ಕೀತ್ ತಂದುಕೊಟ್ಟ. ಉಗುರಲ್ಲಿ ಎತ್ತಿದರೆ ರೋಲಂಡನ ಇಟ್ಟಿಗೆಗಳು ಹಾಳೆಯಂತೆ ಎದ್ದು ಬಂದವು. ಅಡಿಯಲ್ಲಿ ನನ್ನ ಗೆರೆ ಒಂದೂ ಉಳಿದಿಲ್ಲ. ಗರಗಸದಲ್ಲಿ ಆ ತುಂಡನ್ನೇ ಕೊಯ್ದು ಹಾಕಿದೆ. ಮಾದರಿಯ ಲೆಕ್ಕದಲ್ಲಿ ಎಂಟಡಿ ಬಾಯಿ, ಆವತ್ತಿನ ಹಾಗೇ.

ಹೊಸ ತುಂಡು ಎರೆದೆ. ಪ್ಲಾಸ್ಟರ್ ಗಟ್ಟಿಯಾಗುವಾಗ ಬಿಸಿಯೇರುತ್ತದೆ. ಅಂಗೈ ಇಟ್ಟುಕೊಂಡೆ. ಅಳು ಬಂತು. ಅಳುವಾಗಲೂ ಕೋಪ ಇಳಿಯಲಿಲ್ಲ.

ಅಕ್ಟೋಬರ್ 18, ಶುಕ್ರವಾರ, ಮಧ್ಯಾಹ್ನ 3

ಗೀರಿ ಮುಗಿಸಿದೆ. ಎಲ್ಲ ಉದ್ದಕ್ಕೆ. ಎರಡು ಕಡೆ ವರಸೆ ಸೊಟ್ಟ, ಅಮ್ಮನದೂ ಸೊಟ್ಟವೇ ಇತ್ತು. ಗೋಡೆಗೆ ಕೂರಿಸಿದೆ.

ಆದರೆ ಹಸಿ. ಕೆನ್ನೆಗೆ ಒತ್ತಿದರೆ ತಣ್ಣಗೆ. ಒಣಗಲು ಇನ್ನೂ ನಾಲ್ಕು ದಿನ ಬೇಕು. ಫೋನ್ ಮಾಡಿ ಹೇಳಿದೆ.

“ಕೂದಲು ಒಣಗಿಸೋ ಮಿಷನ್ ಹಿಡೀರಿ,” ಅಂದ ರೋಲಂಡ್.

“ಸುಟ್ಟ ಪ್ಲಾಸ್ಟರ್ ಸುಣ್ಣದ ಪುಡಿ ಆಗತ್ತೆ.”

“ಹಾಗಾದ್ರೆ ಹಾಗೇ ಬಳೀರಿ! ಎರಡು ದಿನ ನಿಂತ್ರೆ ಸಾಕು!”

ಹಸಿ ಪ್ಲಾಸ್ಟರ್ ಮೇಲೆ ಬಣ್ಣ ಹಚ್ಚುವ ಜನ್ಮ ನನ್ನದಲ್ಲ. ಬಿಳಿಯಾಗಿಯೇ ಹೋಗಲಿ. ಮಸಿ ಹಿಡಿದ ಆ ಬೀದಿಯಲ್ಲಿ ಅದೊಂದೇ ಬೆಳ್ಳಗೆ ಕಣ್ಣಿಗೆ ಹೊಡೆಯಲಿ. ಯಾರ ಕಣ್ಣಿಗೂ ಬೀಳಲ್ಲ ಅಂದನಲ್ಲ ಕೀತ್!

ಅಕ್ಟೋಬರ್ 19, ಶನಿವಾರ, 11.40

ಸಭಾಂಗಣದಲ್ಲಿ, ಹಲಗೆಯ ಹಿಂದೆ ಸ್ಟೂಲಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ರೋಲಂಡ್ ಕೆಂಪಾಗಿಬಿಟ್ಟ. ಒಂದು ಪುಟ್ಟ ಮರ ತಂದು ಗೋಡೆಯ ಮುಂದೆ ನೆಟ್ಟ. ನಾನು ಕಿತ್ತೆ. ಮತ್ತೆ ನೆಟ್ಟ. ಕಿತ್ತು ಜೇಬಿಗೆ ಹಾಕಿಕೊಂಡೆ. ಆ ಅಂಗಳದಲ್ಲಿ ಹುಲ್ಲೂ ಬೆಳೆದಿರಲಿಲ್ಲ.

ಬಂದವರೆಲ್ಲ ರೈಲು ಬಿಟ್ಟು ಅದನ್ನೇ ಕೇಳುತ್ತಾರೆ. “ಇದ್ಯಾಕೆ ಬಿಳಿ?” ರೋಲಂಡ್ ಎಲ್ಲರಿಗೂ, “ಕೆಲಸ ಇನ್ನೂ ಮುಗಿದಿಲ್ಲ, ಕ್ಷಮಿಸಿ.”

ಈಗ ಹತ್ತು ನಿಮಿಷದ ಹಿಂದೆ ಕೋಲೂರಿಕೊಂಡು ಒಬ್ಬ ಹೆಂಗಸು ಬಂದಳು. ಎಪ್ಪತ್ತರ ಆಚೀಚೆ. ಯಾಕೆ ಅಂತ ಕೇಳಲಿಲ್ಲ. ಹಲಗೆಯ ಮುಂದೆ ಕಟ್ಟಿದ ಹಗ್ಗದ ಮೇಲೆ ಬಗ್ಗಿ ನೋಡಿದಳು, ನೋಡಿದಳು.

“ಎಲ್ಲ ಉದ್ದಕ್ಕೇ ಇದೆ. ಇದು ಹೆಂಗಸರು ಕಟ್ಟಿದ ಗೋಡೆ ಅಲ್ವಾ?”

“ನಿಮಗೆ ನೆನಪಿದೆಯಾ?” ಅಂದ ರೋಲಂಡ್.

“ನನಗೆ ನೆನಪಿಲ್ಲಪ್ಪ, ಆಗ ಕೂಸು ನಾನು,” ಅಂದಳು ಅವನಿಗೆ. “ಅಮ್ಮ ಸಾಯೋವರೆಗೂ ಹೇಳ್ತಿದ್ಲು. ತಳ್ಳುಗಾಡೀಲಿ ಮರಳು, ಮರಳಿನ ಮೇಲೆ ನಾನು.”

ತಳ್ಳುಗಾಡಿ. ಅದನ್ನು ನಾನು ಕ್ಲಬ್ಬಿನಲ್ಲಿ ಯಾರಿಗೂ ಹೇಳಿಲ್ಲ. ಈ ಪುಸ್ತಕಕ್ಕೆ ಬಿಟ್ಟು ಯಾರಿಗೂ.

ಎದ್ದೆ. “ನಿಮ್ಮಮ್ಮ ಆಗ್ನೆಸ್,” ಅಂದೆ.

ಕೋಲು ಬಿಟ್ಟು ನನ್ನ ಎರಡೂ ಕೈ ಹಿಡಿದಳು. ಸ್ಯಾಂಡ್ರಾ ಅಂತೆ ಹೆಸರು. ರೋಲಂಡ್ ಬಗ್ಗಿ ಕೋಲು ಎತ್ತಿಕೊಟ್ಟ. ಈಗ ಅವಳಿಗೆ ಕುರ್ಚಿ ಹುಡುಕುತ್ತಿದ್ದಾನೆ. ಹುಡುಕಲಿ.

ಸುತ್ತ ಜನ ಸೇರಿದ್ದಾರೆ. ಯಾರ್ಯಾರು ಇಟ್ಟಿಗೆ ಹೊತ್ತರು, ಹೆಸರು ಹೇಳಿ ಅಂತ ಕೇಳುತ್ತಿದ್ದಾರೆ. ಸ್ಯಾಂಡ್ರಾ ನನ್ನ ಕಡೆ ನೋಡುತ್ತಿದ್ದಾಳೆ, ಅವಳಿಗೆ ಆಗ್ನೆಸ್ ಒಬ್ಬಳದೇ ಗೊತ್ತು. ಉಳಿದವರ ಹೆಸರು ನಾನೇ ಹೇಳಬೇಕು. ಮೊದಲು ನಮ್ಮಮ್ಮ, ಐವಿ. ಆಮೇಲೆ ಮೂರನೇ ಮನೆಯ — ಕರೆಯುತ್ತಿದ್ದಾರೆ, ಬಾಯಲ್ಲೇ ಹೇಳುತ್ತೇನೆ.